ಉಬ್ಬಿದ ಬ್ಯಾಟರಿ

ಆ ಬ್ಯಾಟರಿ ಅಪಾಯದ್ದೆಂದು ನನಗೆ ಗೊತ್ತಿತ್ತು, ಶಿವಲೀಲಕ್ಕ. ಗೊತ್ತಿದ್ದೂ ನಿಮ್ಮ ಕೈಗೇ ವಾಪಸು ಕೊಟ್ಟೆ. ಆಮೇಲೆ, ತಪ್ಪು ನಿಮ್ಮದೇ ಎಂದು ಊರೆದುರು ಸುಳ್ಳು ಹೇಳಿದೆ.

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ನಾನು ಮೊಬೈಲ್ ಅಂಗಡಿ ಇಟ್ಟ ಹೊಸತು. ಮನೆಮನೆಗೂ ಮೊಬೈಲ್ ಬರತೊಡಗಿದ್ದ ಕಾಲ. ಎಸ್ಸೆಸ್ಸೆಲ್ಸಿ ದಾಟದ ನನ್ನನ್ನು ಜನ 'ಎಂಜಿನಿಯರ್ರೇ' ಎಂದು ಕರೆಯುತ್ತಿದ್ದರು — ನಾನೂ ನಂಬಿಬಿಟ್ಟಿದ್ದೆ. ಎಂಥ ಎಂಜಿನಿಯರ್! ಯಾವುದೋ ಕಂಪನಿಯ ಚೀಟಿ ಅಂಟಿಸಿದ ಡೂಪ್ಲಿಕೇಟ್ ಬ್ಯಾಟರಿಯನ್ನು ಅಸಲಿ ಎಂದು ಮಾರುವುದಷ್ಟೇ ನನ್ನ ವಿದ್ಯೆ.

ನಿಮಗೆ ಮಾರಿದ್ದೂ ಅಂಥದ್ದೇ. ಅದೇ ಪೆಟ್ಟಿಗೆಯ ಇನ್ನೊಂದು ಬ್ಯಾಟರಿ ನನ್ನ ಅಂಗಡಿಯಲ್ಲೇ ಉಬ್ಬಿಕೊಂಡಿತ್ತು. ಸ್ಕ್ರೂಡ್ರೈವರ್ ತಾಗಿಸಿದ್ದೇ ತಡ, ಬುಸ್ಸೆಂದು ಹೊಗೆಯೆದ್ದು ಉರಿಯಿತು. ಮರಳು ಸುರಿದು ಆರಿಸಿ, ಯಾರಿಗೂ ಕಾಣದಂತೆ ಹಿತ್ತಲ ಗುಂಡಿಗೆ ಎಸೆದೆ. ಉಳಿದವನ್ನು ಎಸೆಯಲಿಲ್ಲ — ಮಾರಿದೆ.

ಅದಾದ ಸ್ವಲ್ಪ ದಿನಕ್ಕೇ ನೀವು ಬಂದಿರಿ. ಅಂಗಡಿಯ ತುಂಬ ಜನ. ಹಿಂದಿನ ಮುಚ್ಚಳ ಕೂರದ ಫೋನಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದಿರಿ.

"ತಮ್ಮಾ, ಬ್ಯಾಟ್ರಿ ಉಬ್ಬೈತಿ ನೋಡು. ಚಾರ್ಜಿಗೆ ಹಾಕಿದ್ರ ಕೈ ಸುಡತೈತಿ. ಏನಾರ ಆದೀತೇನಪ್ಪ?"

ಬದಲಿಸಿ ಕೊಟ್ಟರೆ ನನ್ನ ಮಾಲು ಖೊಟ್ಟಿ ಎಂದು ಅಲ್ಲಿದ್ದವರಿಗೆಲ್ಲ ತಿಳಿಯುತ್ತಿತ್ತು. ಅದಕ್ಕೇ ಅವರನ್ನು ನಗಿಸಿದೆ.

"ಫೋನಿಗೆ ದಿನ ತುಂಬ್ಯಾವ ತಗೋ ಅಕ್ಕಾ! ನಿನಗಂತೂ ಆಗ್ಲಿಲ್ಲ, ಇದಾದ್ರೂ ಹಡೀಲಿ ಬಿಡು."

ನಿಮಗೆ ಮಕ್ಕಳಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ನಕ್ಕರು. ಉಬ್ಬಿದ್ದನ್ನು ಹೆಬ್ಬೆರಳಿನಿಂದ ಒತ್ತಿ — ಒತ್ತಬಾರದೆಂದು ತಿಳಿದೂ — ಮುಚ್ಚಳ ಜಡಿದು ಕೊಟ್ಟೆ. ನೀವು ತಲೆ ತಗ್ಗಿಸಿ ಹೋದಿರಿ. ಎರಡನೆಯ ಮಾತು ಕೇಳಲು ನಿಮಗೆ ಬಾಯೇ ಇಲ್ಲದಂತೆ ಮಾಡಿದ್ದೆನಲ್ಲ.

ಮರುದಿನ ಮಧ್ಯಾಹ್ನ, ಹೊಲಿದಿಟ್ಟ ಕುಪ್ಪಸಗಳ ಮೇಲೆ ಚಾರ್ಜಿಗಿಟ್ಟಿದ್ದ ಫೋನು ಸಿಡಿಯಿತು. ಮನೆಗೆ ಬೆಂಕಿ ಹತ್ತೀತೆಂದು ನೀವು ಉರಿಯುವ ಗಂಟನ್ನು ಬರಿಗೈಯಲ್ಲೇ ಬಾಚಿ ಅಂಗಳಕ್ಕೆಸೆದಿರಿ. ಮನೆ ಉಳಿಯಿತು. ಬಲಗೈ ಬೆರಳುಗಳು ಸುಟ್ಟು ಮುರುಟಿದವು. ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿಯುತ್ತಿದ್ದ ಕೈ.

ನಿಮ್ಮ ಗಂಡ ವೀರೇಶಣ್ಣ ಕರಕಲಾದ ಫೋನನ್ನು ತಂದು, "ಹಿಂಗ್ಯಾಕಾತೋ?" ಎಂದು ಕೇಳಿದರು. ಆಗಲಾದರೂ ನಿಜ ಹೇಳಿದೆನೇ — ಇಲ್ಲ.

"ಒದ್ದಿ ಕೈಲಿ ಚಾರ್ಜಿಗೆ ಹಾಕಿರಬೇಕಣ್ಣ. ಹೆಂಗಸ್ರ ಕೈಯಾಗ ಮಷೀನ್ ಕೊಟ್ರ ಹಿಂಗ ಆಗಾದು."

ಹೊಲಿಗೆ ಮಷೀನು ತುಳಿದೇ ಸಂಸಾರ ನಡೆಸಿದವರ ಬಗ್ಗೆ ಈ ಮಾತು! ಅವರು ನಂಬಿದರು. ಊರು ಇನ್ನೂ ಬೇಗ ನಂಬಿತು — ಅಂಗಡಿಯವನ ಸುಳ್ಳೆಂದರೆ ಅದಕ್ಕೆ ಪಂಚಾಮೃತ.

ಕೈಗೆ ಕಟ್ಟಿದ ಪಟ್ಟಿ ಬಿಚ್ಚಿದ ಮೇಲೆ ನೀವೇ ಗಂಡನನ್ನು ಕರೆದುಕೊಂಡು ಬಂದಿರಿ.

"ನಿನಗ ತಂದು ತೋರ್ಸಿದ್ನಲ್ಲೋ ತಮ್ಮಾ. ಇವರಿಗೆ ಒಂದು ಮಾತು ಹೇಳು."

"ಯಾವಾಗ ತೋರ್ಸಿದ್ಯಕ್ಕಾ? ನನಗ ನೆನಪಿಲ್ಲ."

ಅಂದು ನಕ್ಕವರಲ್ಲಿ ಇಬ್ಬರು ಅಲ್ಲೇ ಇದ್ದರು. ಅವರಿಗೂ ನೆನಪಿರಲಿಲ್ಲ. ಹೇಡಿಗಳು — ಆದರೆ ಅವರಿಗೆ ದಾರಿ ತೋರಿಸಿದ ದೊಡ್ಡ ಹೇಡಿ ನಾನು.

ಗಂಡನ ಮನೆಯಲ್ಲಿ ದಿನವೂ ಬೈಗುಳ. ಕೊನೆಗೆ ನೀವು ಹರಪನಹಳ್ಳಿಯ ತವರಿಗೆ ಹೋದವರು ತಿರುಗಿ ಬರಲಿಲ್ಲ. ನನ್ನ ಅಂಗಡಿ ಮಾತ್ರ ಬೆಳೆದು ಎರಡು ಬಾಗಿಲಿನದಾಯಿತು.

ಇಷ್ಟು ವರ್ಷಗಳ ಮೇಲೆ, ಹೋದ ತಿಂಗಳು, ವೀರೇಶಣ್ಣನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ನಿಮ್ಮ ಬಳಿಗಲ್ಲ, ಅವರ ಬಳಿಗೆ — ನಿಮ್ಮ ಕೈ ನೋಡುವ ಧೈರ್ಯ ಇರಲಿಲ್ಲ. ಅವರು ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಚಹಾದ ಲೋಟವನ್ನು ನನ್ನತ್ತ ಸರಿಸಿದರು.

"ಹೋಗ್ಲಿ ಬಿಡಪಾ, ಹಳೇ ಮಾತು. ನಾ ಏನೂ ಮನಸ್ನ್ಯಾಗ ಇಟ್ಕಂಡಿಲ್ಲ. ಚಾ ಕುಡಿ."

ಸುಟ್ಟದ್ದು ಅವರ ಕೈಯಲ್ಲ. ಆದರೂ ನೀವು ಕೊಡಬೇಕಾದ, ಬಹುಶಃ ಎಂದೂ ಕೊಡದ ಕ್ಷಮೆಯನ್ನು ಅವರೇ ಕೊಟ್ಟುಬಿಟ್ಟರು. ನಾನು ಬೇಡವೆನ್ನಲಿಲ್ಲ. ಚಹಾವನ್ನೂ ಕುಡಿದು ಎದ್ದು ಬಂದೆ.