ಸಪ್ಪಳಿಲ್ಲದ ಮಾತಿನ ಗುರಪ್ಪ ಕಾಕಾ

ಆ ಶನಿವಾರ ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದು ನೆಟ್ ಹೋಗಬಹುದಿತ್ತು. ಎರಡೂ ಇದ್ದು, ನಾಲ್ಕೈದು ದಿನಕ್ಕೊಮ್ಮೆ ಬರುವ ನಳದ ನೀರು ಸರಿಯಾಗಿ ಆ ಹೊತ್ತಿಗೇ ಬಂದು, ಕೂತವರೆಲ್ಲ ಕೊಡ ಹಿಡಿದು ಓಡಬಹುದಿತ್ತು. ಗುರಪ್ಪ ಕಾಕಾ ಮಧ್ಯಾಹ್ನದ ಭಕ್ಕರಿ ಉಂಡು ಕುರ್ಚಿಯಲ್ಲೇ ನಿದ್ದೆಹೋಗಬಹುದಿತ್ತು. ಎಚ್ಚರವಿದ್ದರೂ ಹಲ್ಲಿನ ಸೆಟ್ಟನ್ನು ನೀರಿನ ಲೋಟದಲ್ಲೇ ಮರೆತು ಬರಬಹುದಿತ್ತು. ಅವರ ಹೆಂಡತಿ ಕಾಕು ಲ್ಯಾಪ್‌ಟಾಪಿಗೆ ಅರಿಷಿಣ-ಕುಂಕುಮ ಹಚ್ಚಬಹುದಿತ್ತು. ಕಿರಾಣಿ ಅಂಗಡಿಯ ಭೀಮಣ್ಣ ಬಾಯಿ ತೆರೆಯಬಹುದಿತ್ತು. ಎಲ್ಲಕ್ಕೂ ಮಿಗಿಲಾಗಿ, ಇಂಗ್ಲಂಡಿನ ಆ ಊರಿನವರು, ‘ಗುರಪ್ಪನೆ? ಅಂಥವರು ಇಲ್ಲಿ ಯಾರೂ ಇರಲಿಲ್ಲವಲ್ಲ’ ಎಂದುಬಿಡಬಹುದಿತ್ತು.

ಇದನ್ನೆಲ್ಲ ಮುಂಚಿತವಾಗಿ ಯೋಚಿಸಿಡುವುದು ನನ್ನ ಸ್ವಭಾವ. ಸೋಲಾಪುರದ ಪೇಠೆಯಲ್ಲಿ ಟಾವೆಲಿನ ಅಂಗಡಿ ಇಟ್ಟುಕೊಂಡಿರುವ ನಾನು, ಗಿರಾಕಿ ಬರದಿದ್ದರೆ ಯಾಕೆ ಬರಲಿಲ್ಲ ಎಂದೂ, ಬಂದರೆ ಯಾಕೆ ಬಂದ ಎಂದೂ ಚಿಂತಿಸುವವನು. ನನ್ನ ಹೆಸರು ಶ್ರೀಶೈಲ. ಕಾಕಾ ಮಾತ್ರ ನನ್ನನ್ನು ಚಿಂತಾಮಣಿ ಎಂದೇ ಕರೆಯುತ್ತಿದ್ದರು.

ಗುರಪ್ಪ ಕಾಕಾ ನಮ್ಮ ಎದುರು ಮನೆಯವರು. ಅಕ್ಕಲಕೋಟ ತಾಲೂಕಿನ ನಾಗಣಸೂರಿನ ಒಕ್ಕಲುಮನೆತನ. ಹರೆಯದಲ್ಲಿ ಅಣ್ಣಂದಿರೊಡನೆ ಜಗಳಾಡಿ, ಯಾರದೋ ಬೆನ್ನುಹತ್ತಿ ಹಡಗೇರಿ, ಇಂಗ್ಲಂಡಿನ ಲ್ಯಾಂಕಶೈರ್ ಸೀಮೆಯ ಹ್ಯಾಸಲ್‌ಡೆನ್ ಎಂಬ ಪುಟ್ಟ ಊರು ಸೇರಿ, ಅಲ್ಲಿಯ ಬಟ್ಟೆ ಗಿರಣಿಯಲ್ಲಿ ಹತ್ತು-ಹನ್ನೊಂದು ವರ್ಷ ನೇಯ್ದವರು. ಗಿರಣಿ ಮುಚ್ಚಿದ ಮೇಲೆ ತಿರುಗಿ ಬಂದು, ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರಖಾನೆ ವಸಾಹತಿನಲ್ಲಿ ಚಾದರದ ಪಾವರ್‌ಲೂಮ್ ಹಾಕಿದರು. ಹೀಗೆಂದು ಅವರು ಹೇಳುತ್ತಿದ್ದರು. ನಮ್ಮ ಗಲ್ಲಿ ನಂಬುತ್ತಿರಲಿಲ್ಲ.

ಅವರು ಅಲ್ಲಿಂದ ತಂದದ್ದು ಒಂದೇ ಒಂದು ವಸ್ತು, ಅದೂ ಕಸ್ಟಮ್ಸಿನವರ ಕಣ್ಣಿಗೆ ಬೀಳದಂಥದು: ಸಪ್ಪಳಿಲ್ಲದ ಮಾತು. ಸಾವಿರ ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಕಡೆ ಕೂಗಿದರೂ ಕೇಳಿಸುವುದಿಲ್ಲವಂತೆ. ಅದಕ್ಕೆ ಅಲ್ಲಿಯ ನೇಯ್ಗೆಯವರು ದನಿ ಹೊರಡಿಸದೆ, ತುಟಿ, ಹುಬ್ಬು, ಗಲ್ಲಗಳನ್ನು ದೊಡ್ಡದಾಗಿ ಆಡಿಸಿ, ಅಷ್ಟು ದೂರದಿಂದಲೇ ಮಾತಾಡಿಕೊಳ್ಳುತ್ತಿದ್ದರಂತೆ. ಮೀ-ಮಾ ಅಂತ ಅದಕ್ಕೆ ಹೆಸರು. ಕಾಕಾ ಅದನ್ನು ಕನ್ನಡಕ್ಕೂ ಮರಾಠಿಗೂ ಒಗ್ಗಿಸಿದ್ದರು. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ, ರಸ್ತೆಯ ಆಚೆ ಅವರು ಧೋತರ ಉಟ್ಟು ನಿಂತು, ನೀರಿಂದ ಹೊರಬಿದ್ದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದರು. ‘ಚಹಾ ಆತೇನು’ ಎಂದು ಅದರ ಅರ್ಥ. ಹೊಸದಾಗಿ ಬಂದ ಬಾಡಿಗೆಯವರು ಮೊದಲ ವಾರ ಡಾಕ್ಟರನ್ನು ಕರೆಯಲು ಓಡುತ್ತಿದ್ದರು.

ಇದರಲ್ಲಿ ಕಾಕಾನ ಒಂದೇ ತಪ್ಪು ತಿಳಿವಳಿಕೆ ಎಂದರೆ, ದನಿಯಿಲ್ಲದ ಮಾತು ಗುಟ್ಟಿನ ಮಾತು ಎಂಬುದು. ಅಷ್ಟು ದೊಡ್ಡದಾಗಿ ತುಟಿ ಆಡಿಸಿದರೆ ಯಾರಿಗಾದರೂ ತಿಳಿಯುತ್ತದೆ ಎಂದು ಅವರಿಗೆ ಹೊಳೆದೇ ಇರಲಿಲ್ಲ. ನನಗೆ ಹೆಣ್ಣು ನೋಡಲು ಮಂದ್ರೂಪಕ್ಕೆ ಹೋದಾಗ ಹಿರಿಯರೆಂದು ಅವರನ್ನೂ ಕರೆದೊಯ್ದಿದ್ದೆವು. ಹುಡುಗಿ ಉಪ್ಪಿಟ್ಟು ಕೊಟ್ಟು ಕೂತಳು. ಮನೆ ತುಂಬ ಜನ, ಗಂಭೀರ ಮೌನ. ಕಾಕಾ ಪಡಸಾಲೆಯ ಈ ತುದಿಯಿಂದ ಆ ತುದಿಯಲ್ಲಿದ್ದ ಕಾಕುಗೆ ತಮ್ಮ ಗುಟ್ಟಿನ ಭಾಷೆಯಲ್ಲಿ, ‘ಹುಡುಗಿ ಚಲೋ ಅದಾಳ, ಉಪ್ಪಿಟ್ಟ ನಿನ್ನಿ ಮಾಡಿದ್ದು’ ಎಂದರು. ಹುಡುಗಿಯ ಅಪ್ಪ ಎದ್ದು ನಿಂತು, “ಅಹೋ ಯಜಮಾನ್ರ, ಮುಂಜಾನಿ ಮಾಡಿದ್ದರಿ ಅದು!” ಎಂದುಬಿಟ್ಟರು. ಹುಡುಗಿಗೆ ನಗು ತಡೆಯಲಾಗಲಿಲ್ಲ. ಆ ನಗು ನೋಡಿಯೇ ನಾನು ಒಪ್ಪಿದೆ. ಈಗಲೂ ಉಪ್ಪಿಟ್ಟು ಮಾಡಿದ ದಿನ ನನ್ನ ಹೆಂಡತಿ ನನ್ನ ತುಟಿಗಳನ್ನೇ ನೋಡುತ್ತಿರುತ್ತಾಳೆ.

ಕಾಕು ಹೇಳುತ್ತಿದ್ದಳು: “ಊರ ಮಂದಿ ಗಂಡಂದಿರು ಒದರತಾರ. ನಮ್ಮಾವ್ರು ಜಗಳಾನೂ ಸಪ್ಪಳಿಲ್ದ ಮಾಡ್ತಾರ. ನಾ ಕಣ್ಣ ಮುಚ್ಚಿದ್ನೆಂದ್ರ ಜಗಳ ಬಂದ್.”

ಸಂಜೆ ಭೀಮಣ್ಣನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕಾಕಾ ಹ್ಯಾಸಲ್‌ಡೆನ್ನಿನ ಚರಿತ್ರೆ ಬಿಚ್ಚುತ್ತಿದ್ದರು. ಸೋಲಾಪುರದ ಕೆರೆಯ ಕಥೆ ತಿಳಿಯದ ನಮ್ಮ ಗಲ್ಲಿಗೆ ಆ ಊರಿನ ಹೊಳೆಯ ಕಥೆ ಬಾಯಿಪಾಠ. ಬಣ್ಣದ ಕಾರಖಾನೆಯವರು ಬಿಟ್ಟ ನೀರಿನಿಂದ ಆ ಹೊಳೆ ಇವತ್ತು ಕೆಂಪಗಿದ್ದರೆ ನಾಳೆ ನೀಲಿ. ಬಾಡಿಗೆಯ ಕೋಣೆ ಕೊಟ್ಟ ಮುದುಕಿ ಮಿಸೆಸ್ ಹಾರ್ಗ್ರೀವ್ಸ್ ತನ್ನ ಮನೆಯ ಮೆಟ್ಟಿಲನ್ನು ದಿನಾ ಕಲ್ಲಿನಿಂದ ಉಜ್ಜುವಳು, ಅದನ್ನು ತುಳಿದವರನ್ನು ಮನಸಾರೆ ಬೈಯುವಳು. “ನಮ್ಮವ್ವ ಅಂಗಳಾ ಸಾರಿಸಿದಂಗ,” ಎನ್ನುತ್ತಿದ್ದರು ಕಾಕಾ. “ಬೈಗುಳಾನೂ ಅವೇ. ಭಾಷಾ ಅಷ್ಟ ಬ್ಯಾರೆ.”

ಗಲ್ಲಿಯವರು ಇಲ್ಲಿಯ ತನಕ ಒಪ್ಪುತ್ತಿದ್ದರು. ಕೆಡುತ್ತಿದ್ದುದು ಮುಂದಿನ ಸಂಗತಿಯಲ್ಲಿ. ಬೇಸಿಗೆಯಲ್ಲಿ ಒಂದು ವಾರ ಗಿರಣಿ, ಅಂಗಡಿ ಎಲ್ಲ ಮುಚ್ಚಿ, ಇಡೀ ಊರಿಗೆ ಊರೇ ರೈಲು ಹತ್ತಿ ಸಮುದ್ರಕ್ಕೆ ಹೋಗುತ್ತಿತ್ತಂತೆ.

“ಊರಾಗ ನಾ ಒಬ್ಬನ ನೋಡ್ರಿ. ನಾನು, ನಾಕ ನಾಯಿ,” ಎನ್ನುತ್ತಿದ್ದರು ಕಾಕಾ.

ಭೀಮಣ್ಣ ತಕ್ಕಡಿ ಕೆಳಗಿಟ್ಟು, “ಹೌದಪಾ, ಊರಿಗೆ ಬೀಗ ಜಡದು ಕೀಲಿ ನಿನ್ನ ಕೈಯಾಗ ಕೊಟ್ಟ ಹೋಗ್ತಿದ್ರು. ರಾಣಿ ಫೋನ್ ಮಾಡಿ, ‘ಗುರಪ್ಪಾ, ಊರ ಕಡೆ ಲಕ್ಷ್ಯ ಇರ್ಲಿ’ ಅಂತಿದ್ಲು,” ಎನ್ನುತ್ತಿದ್ದ.

ಭೀಮಣ್ಣನ ವಾದ ಸರಳ: ಗುರಪ್ಪ ಮುಂಬೈ ದಾಟಿಯೇ ಇಲ್ಲ. ಹೋಗಿದ್ದರೆ ಒಂದು ಫೋಟೋ ಇರಬೇಡವೆ? ಬರುವಾಗ ಮುಂಬೈ ಬಂದರಿನಲ್ಲಿ ಟ್ರಂಕು ಕಳುವಾಯಿತು ಎಂದು ಕಾಕಾ ಹೇಳಿದರೆ, “ಖರೆ ಅದ. ಇಡೀ ಇಂಗ್ಲಂಡ ಆ ಟ್ರಂಕಿನ್ಯಾಗ ಇತ್ತು” ಎಂದು ಮುಗಿಸುತ್ತಿದ್ದ. ಕಾಕಾ ಸಿಟ್ಟಿಗೇಳುತ್ತಿರಲಿಲ್ಲ. ಆದರೆ ಒಮ್ಮೆ ನನ್ನ ಜೊತೆ ಮನೆಗೆ ಬರುವಾಗ, ದನಿ ಹೊರಡಿಸಿಯೇ ಅಂದರು: “ಚಿಂತಾಮಣಿ, ಇತ್ತಿತ್ಲಾಗ ನನಗೂ ಅನಸ್ತದೋ. ನಾ ಖರೇನ ಹೋಗಿದ್ನೋ, ಇಲ್ಲಾ ಹೇಳಿ ಹೇಳಿ ರೂಢಿ ಆಗ್ಯದೋ.”

ಆ ಮಾತು ನನ್ನೊಳಗೆ ಮುಳ್ಳಾಗಿ ಕೂತಿತು. ಫೋನಿನಲ್ಲಿ ಹುಡುಕಿದೆ. ಆ ಊರಿನ ಹಳೆಯ ನೆನಪುಗಳನ್ನು ಕೂಡಿಹಾಕುವ ಒಂದು ಗುಂಪು ಸಿಕ್ಕಿತು. ನನ್ನ ಅಂಗಡಿಯ ಇಂಗ್ಲಿಷಿನಲ್ಲಿ ಬರೆದೆ. ಓದಿದವರಿಗೆ ನಾನು ಟಾವೆಲು ಮಾರಲು ಬಂದಿದ್ದೇನೆ ಅನ್ನಿಸಿರಲಿಕ್ಕೂ ಸಾಕು. ಆದರೂ ಉತ್ತರ ಬಂತು. ಶನಿವಾರ ಅವರ ಸಭೆ, ನಮ್ಮಲ್ಲಿ ಮಧ್ಯಾಹ್ನ ನಾಲ್ಕು ಗಂಟೆ. ವಿಡಿಯೋದಲ್ಲಿ ಮಾತಾಡೋಣ, ರೆಕಾರ್ಡ್ ಮಾಡಿಯೂ ಇಟ್ಟುಕೊಳ್ಳುತ್ತೇವೆ ಎಂದರು.

ಶನಿವಾರ ಕಾಕಾನ ಪಡಸಾಲೆಯಲ್ಲಿ ಗಲ್ಲಿಗೆ ಗಲ್ಲಿಯೇ ಸೇರಿತ್ತು. ಭೀಮಣ್ಣ ಜೀವನದಲ್ಲಿ ಮೊದಲ ಸಲ ಹಾಡುಹಗಲು ಅಂಗಡಿ ಮುಚ್ಚಿ, ಮುಂದಿನ ಸಾಲಿನಲ್ಲೇ ಕೂತಿದ್ದ. ಕಾಕಾ ಕೋಟು ತೊಟ್ಟಿದ್ದರು, ಹಲ್ಲು ಕಟ್ಟಿದ್ದರು. ಕರೆಂಟು ಇತ್ತು, ನೆಟ್ ಇತ್ತು. ಪರದೆಯ ಮೇಲೆ ಒಂದು ಸಭಾಗೃಹ, ಹತ್ತಿಪ್ಪತ್ತು ಜನ, ಮುಂದೆ ಒಬ್ಬ ಗಡ್ಡದ ಅಧ್ಯಕ್ಷ.

ಕಾಕಾ ನಮಸ್ಕರಿಸಿ, ತಮ್ಮ ಹಳೆಯ ಗಿರಣಿ ಇಂಗ್ಲಿಷಿನಲ್ಲಿ ಕೇಳಿದರು: ನೇಯ್ಗೆ ಶೆಡ್ಡಿನವರು ಯಾರಾದರೂ ಇದ್ದೀರಾ?

ಅಧ್ಯಕ್ಷ ಮುಖ ಸಣ್ಣ ಮಾಡಿದ. ಬಂದವರಲ್ಲಿ ಹೆಚ್ಚಿನವರು ಬೇರೆ ಕಡೆಯಿಂದ ಬಂದು ನೆಲೆಸಿದವರು. ಗಿರಣಿ ಈಗ ಫ್ಲ್ಯಾಟುಗಳಾಗಿದೆ. ಅವನೇ ಅದರ ಮೂರನೇ ಮಹಡಿಯಲ್ಲಿದ್ದಾನೆ. ಕಾಗದಪತ್ರ ಏನೂ ಉಳಿದಿಲ್ಲ. ನಿಮ್ಮನ್ನು ಬಲ್ಲವರು ನಮಗೆ ಸಿಗಲಿಲ್ಲ, ಕ್ಷಮಿಸಿ ಎಂದ.

ಭೀಮಣ್ಣ ಕೂಡ ನೆಲ ನೋಡಿದ. ಕಾಕಾ ಕೋಟಿನ ಗುಂಡಿ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. ನನಗೆ ನೆಟ್ ಹೋಗಬಾರದೆ ಅನ್ನಿಸಿತು.

ಆಗ ಪರದೆಯ ಹಿಂದಿನ ಮೂಲೆಯಲ್ಲಿ, ಗಾಲಿಕುರ್ಚಿಯಲ್ಲಿದ್ದ ಒಬ್ಬ ಮುದುಕಿ ಬಿಸ್ಕತ್ತು ಪಕ್ಕಕ್ಕಿಟ್ಟು ಬಾಯಿ ತೆರೆದಳು. ದೊಡ್ಡದಾಗಿ. ಮುಚ್ಚಿದಳು. ಮತ್ತೆ ತೆರೆದಳು. ಅಧ್ಯಕ್ಷ ತಿರುಗಿ ನೋಡಿ, ಇವರು ಡೋರಿಸ್, ಪೂರಾ ಕಿವುಡು, ಚಹಾಕ್ಕೆಂದು ಬರುತ್ತಾರೆ ಎಂದ.

ಕಾಕಾ ಕುರ್ಚಿಯನ್ನು ಎಳೆದು ಪರದೆಗೆ ಮೂಗು ತಗಲುವಷ್ಟು ಹತ್ತಿರ ಬಂದರು. ಅವರ ಹುಬ್ಬು ಮೇಲೇರಿತು. ತುಟಿ ಹರಡಿತು, ಮುದುಡಿತು. ಮುದುಕಿ ತೊಡೆ ತಟ್ಟಿಕೊಂಡು ನಕ್ಕಳು. ಯಾರೋ ಅವಳ ಕುರ್ಚಿಯನ್ನು ಮುಂದಕ್ಕೆ ತಳ್ಳಿದರು. ಮುಂದೆ ಅರ್ಧ ತಾಸು ಅವರಿಬ್ಬರೇ. ಇಬ್ಬರ ಬಾಯಿಂದಲೂ ಒಂದು ಅಕ್ಷರದ ಸಪ್ಪಳಿಲ್ಲ; ನೆಟ್ ಹೋಯಿತೇನೋ ಎಂದು ನನ್ನ ಚಿಂತೆ ನನಗೆ. ಇವರು ಕಣ್ಣರಳಿಸಿದರೆ ಅವಳು ಬೆರಳಾಡಿಸಿ ಬೈದಳು. ಅವಳು ಗಲ್ಲ ಉಬ್ಬಿಸಿದರೆ ಇವರು ಬಿದ್ದು ಬಿದ್ದು ನಕ್ಕರು. ಒಮ್ಮೆ ಇಬ್ಬರೂ ಕಣ್ಣೊರೆಸಿಕೊಂಡರು. ಯಾರೋ ಸತ್ತ ಸುದ್ದಿ ಇರಬೇಕು.

ಮುಗಿದ ಮೇಲೆ ಭೀಮಣ್ಣ ಎದ್ದು ನಿಂತ. “ಸುಳ್ಳಿಗೆ ಯಾರೂ ಇಷ್ಟ ನಗೂದಿಲ್ಲಪಾ,” ಎಂದ. “ನೀ ಹೋಗಿದ್ದಿ.”

“ಏನಂದಳ್ರಿ ಆಕಿ, ಮೊದಲ?” ನಾನು ಕೇಳಿದೆ.

“ಕಿಡಕಿ ಬಾಜೂಕ ಮಗ್ಗ ಹೊಡಿತಿದ್ದ ಹುಡುಗ ಅಲ್ಲೇನೋ ನೀ, ಇಷ್ಟ್ಯಾಕ ಮುದುಕ ಆಗೀದಿ ಅಂದಳು.” ಕಾಕಾನ ಮುಖ ಹೊಳೆಯುತ್ತಿತ್ತು. ಕಾಕು ಒಳಗಿನಿಂದ, “ಅರ್ಧಾ ತಾಸು ಮಾತಾಡಿದ್ರಿ. ಒಬ್ಬಾಕಿ ಹೇಂತಿ ಅದಾಳಂತ ಹೇಳಿದ್ರೋ ಇಲ್ಲೋ?” ಎಂದಳು. ಕಾಕಾ ಉತ್ತರವನ್ನು ಸಪ್ಪಳಿಲ್ಲದೆ ಕೊಟ್ಟರು. ಕಾಕು ಕಣ್ಣು ಮುಚ್ಚಿಕೊಂಡಳು.

ಮರುದಿನದಿಂದ ಭೀಮಣ್ಣನೇ ಕಟ್ಟೆಯ ಮೇಲೆ ಹ್ಯಾಸಲ್‌ಡೆನ್ನಿನ ಕಥೆ ಹೇಳತೊಡಗಿದ. ಕಾಕಾ ಪಕ್ಕದಲ್ಲಿ ಕೂತು ಅಲ್ಲಲ್ಲಿ ತಿದ್ದುತ್ತಿದ್ದರು, ಅಷ್ಟೆ.

ಹೋದ ಚಳಿಗಾಲ ಅವರು ಸೀತನಿ ತಿನ್ನಲೆಂದು ನಾಗಣಸೂರಿನ ಹೊಲಕ್ಕೆ ಹೋದರು. ಎಳೆ ಜೋಳದ ತೆನೆ ಸುಟ್ಟುಕೊಂಡು ತಿಂದು, ಮರದ ನೆರಳಿಗೆ ಅಡ್ಡಾದವರು ಏಳಲಿಲ್ಲ. ಹೋಗುವ ಮುನ್ನ ಬಸ್ಸಿನ ಕಿಟಕಿಯಿಂದ ನನಗೆ ಏನೋ ಹೇಳಿದ್ದರು. ನಾನು ಅವರ ಚೀಲ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ.

ಸುದ್ದಿಯನ್ನು ಆ ಊರಿಗೂ ತಿಳಿಸಿದೆ. ಅಧ್ಯಕ್ಷ ಸಂತಾಪ ಬರೆದು, ಅಂದಿನ ರೆಕಾರ್ಡಿಂಗನ್ನು ಕಳಿಸಿದ. ಮೊದಲಿನ ಮಾತುಗಳನ್ನು ತೆಗೆದು, ಆ ಅರ್ಧ ತಾಸನ್ನಷ್ಟೇ ಅವರು ತಮ್ಮ ಊರಿನ ಸಂಗ್ರಹಕ್ಕೆ ಸೇರಿಸಿದ್ದಾರೆ. ಮೇಲೆ ಶೀರ್ಷಿಕೆ: ‘ನೇಯ್ಗೆಯವನ ದನಿ’. ಆ ಹೆಸರು ಕೇಳಿ, ಅವರ ದನಿ ಮತ್ತೊಮ್ಮೆ ಕೇಳುತ್ತದೆ ಎಂದು ಕಾಕು ಪರದೆಯ ಮುಂದೆ ಕೂತಳು. ಭೀಮಣ್ಣನೂ ಬಂದ.

ಕಾಕಾ ಕಾಣಿಸಿಕೊಂಡರು. ತುಟಿ ಆಡಿತು. ದನಿಯೂ ಬಂತು, ಗಟ್ಟಿಯಾಗಿ, ಸ್ಪಷ್ಟವಾಗಿ: “ಆವಾಜ ಯಾಕ ಬರವಲ್ದು? ಕಾಕಾ, ಜರಾ ಜೋರ ಮಾತಾಡ್ರಿ! ಏ, ಕಟ್ ಆತೇನ? ವಾಯರ್ ಯಾರ ತುಳದೀರಿ? ಅಲುಗಾಡಬ್ಯಾಡ್ರಿ! ಹಾಂ, ಹೋತು. ಹೋತ ನೋಡ್ರಿ ಎಲ್ಲಾ. ಅಯ್ಯ, ಇಲ್ಲ, ಅದ, ಅದ…”

ನನ್ನದು. ಅರ್ಧ ತಾಸು, ಉಸಿರು ಬಿಡದೆ, ನನ್ನದೇ. ನಮ್ಮ ಕಡೆಯ ಮೈಕು ಬಂದ್ ಮಾಡುವುದೊಂದನ್ನು ನಾನು ಮರೆತಿದ್ದೆ. ಅಷ್ಟೆಲ್ಲ ಕೆಡಬಹುದಾಗಿದ್ದ ದಿನ ಕೆಟ್ಟದ್ದು ಅದೊಂದೇ. ಹ್ಯಾಸಲ್‌ಡೆನ್ನಿನ ಚರಿತ್ರೆಯಲ್ಲಿ ಸೋಲಾಪುರದ ದನಿಯೆಂದು ಶಾಶ್ವತವಾಗಿ ಉಳಿದಿರುವುದು ಈ ಗೋಳು.

ಭೀಮಣ್ಣ ನಗಲು ಬಾಯಿ ತೆರೆದವನು ಕಾಕುವಿನ ಕಡೆ ನೋಡಿ ಮುಚ್ಚಿಕೊಂಡ. ನಾನು ಕ್ಷಮೆ ಕೇಳತೊಡಗಿದೆ: ಅವರಿಗೆ ಬರೆಯುತ್ತೇನೆ, ತೆಗೆಸುತ್ತೇನೆ, ತೆಗೆಯಲು ಬರುತ್ತದೋ ಇಲ್ಲವೋ…

ಕಾಕು ಪರದೆಯಿಂದ ಕಣ್ಣು ಕೀಳದೆ ಕೈ ಎತ್ತಿದಳು.

“ಆ ನಿನ್ನ ಒದರಾಟ ಬಂದ್ ಮಾಡೋ ಶ್ರೀಶೈಲ,” ಎಂದಳು. “ಅವರು ಮಾತಾಡಾಕತ್ತಾರ.”