ಹಳೇ ಟೈರನ್ನು ಮಾತಾಡಿಸುವ ಟೈರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ, ಜಾಕ್ ಮೇಲೆ ನಿಂತ ಬಿಳಿ ಕಾರಿನ ಮುಂದಿನ ಚಕ್ರದೆದುರು ಟೈರಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಕಣ್ಣು ಮುಚ್ಚಿವೆ. ಅಂಗೈ ಟೈರಿನ ಅಗಲಕ್ಕೆ ಒಮ್ಮೆ ಒಳಗಿನಿಂದ ಹೊರಗೆ, ಒಮ್ಮೆ ಹೊರಗಿನಿಂದ ಒಳಗೆ ಸರಿದಾಡುತ್ತಿದೆ. ಕಾರಿನವರು ಎರಡೆರಡು ಸಲ ಗಡಿಯಾರ ನೋಡಿಕೊಳ್ಳುತ್ತಾರೆ. ಹೊಸ ಟೈರು ತೋರಿಸಿ ಎಂದರೆ ಈಕೆ ಹಳೆಯದಕ್ಕೇ ಅಂಟಿಕೊಂಡು ಕೂತರಲ್ಲ ಎಂಬ ಕಸಿವಿಸಿ ಅವರಿಗೆ.

“ಹೋಗ್ತಾ ನುಣ್ಣಗಿದೆ, ಬರ್ತಾ ಚುಚ್ಚುತ್ತೆ. ಚಕ್ರ ಓರೆ ನಿಂತಿದೆ ಸಾರ್. ಮೊದಲು ಅದನ್ನ ಸರಿ ಮಾಡಿಸಿ, ಇಲ್ಲಾಂದ್ರೆ ಹೊಸದನ್ನೂ ಹೀಗೇ ತಿಂದು ಹಾಕುತ್ತೆ” ಎನ್ನುತ್ತಾರೆ ಟೈರಕ್ಕ.

ವಯಸ್ಸು ಐವತ್ತೆರಡು. ಹೆಸರು ಹಿಡಿದು ಕರೆಯುವವರು ಮನೆಯಲ್ಲೂ ಕಡಿಮೆ. ದಿನಕ್ಕೆ ಎಂಟೋ ಹತ್ತೋ ಕಾರು, ಅಂದರೆ ಮೂವತ್ತು ನಲವತ್ತು ಚಕ್ರಗಳನ್ನು ಇಳಿಸಿ ಏರಿಸುವ ಕೆಲಸ. ಸಂಜೆ ಹೊತ್ತಿಗೆ ಭುಜ ತನ್ನದಲ್ಲ ಅನ್ನಿಸುತ್ತದಂತೆ. ಹಾಗೆಂದು ಯಾರನ್ನೂ ಬೇಗ ಸಾಗಹಾಕುವವರಲ್ಲ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟವರು, ನಡುವೆ ಸವೆದಿದ್ದರೆ ಜಾಸ್ತಿ ತುಂಬಿಸಿದವರು. ಹಳೇ ಟೈರನ್ನು ಹೀಗೆ ವಿಚಾರಿಸಿಕೊಂಡ ಮೇಲೆ ಒಡೆಯರ ಸರದಿ. ಎಲ್ಲಿಗೆ ಓಡಾಡ್ತೀರಿ? ಎಷ್ಟು ಜನ ಕೂರ್ತೀರಿ? ಕಾರು ನಿಲ್ಲೋದು ಬಿಸಿಲಲ್ಲೋ ನೆರಳಲ್ಲೋ? ಮನೆ ಬಾಡಿಗೆಗೆ ಕೇಳಲು ಹೋದವರಿಗೂ ಇಷ್ಟು ಪ್ರಶ್ನೆ ಬೀಳುವುದಿಲ್ಲ.

ಅಂದಕ್ಕೆಂದು ಅಗಲದ ಟೈರು ಕೇಳುವವರಿಗೆ ಅವರ ಉತ್ತರ ಸಿದ್ಧವಿದೆ. “ಕಾಲಿಗಿಂತ ದೊಡ್ಡ ಚಪ್ಪಲಿ ಹಾಕ್ಕೊಂಡ್ರೆ ಜೋರಾಗಿ ನಡೀತೀರಾ?”

ಅಂಗಡಿಯ ಗೋಡೆಯಲ್ಲಿ ಮೊಳೆಗೆ ತೂಗುಹಾಕಿದ ಗೇಣುದ್ದದ ಟೈರಿನ ತುಂಡೊಂದಿದೆ. ಅದರ ಗೆರೆಗಳೆಲ್ಲ ನಿನ್ನೆ ಕೊರೆದ ಹಾಗೆ ಚೂಪಾಗಿವೆ. ಇಷ್ಟು ಹೊಸದನ್ನು ಯಾಕೆ ಕತ್ತರಿಸಿಟ್ಟಿದ್ದಾರೆ ಎಂದು ಬಂದವರೆಲ್ಲ ಕೇಳುತ್ತಾರೆ. ಹೋದ ವಾರ ಒಬ್ಬ ನಿವೃತ್ತ ಗಣಿತದ ಮೇಷ್ಟ್ರೂ ಕೇಳಿದರು.

ಮೇಷ್ಟ್ರಿಗೆ ಬೇಕಿದ್ದುದು ಮೂರೇ ಟೈರು. ನಾಲ್ಕನೆಯದು ಅವರ ಬಳಿಯೇ ಇತ್ತು. ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಡಿಕ್ಕಿಯಲ್ಲಿ ಜೋಪಾನ ಮಾಡಿದ್ದ ಸ್ಟೆಪ್ನಿ. “ಒಂದು ದಿನವೂ ನೆಲ ಮುಟ್ಟಿಲ್ಲ ಇದು,” ಎಂದು ಎದೆಯುಬ್ಬಿಸಿದರು. ಮರುದಿನ ಅವರ ಸೊಸೆ ಹಸುಗೂಸನ್ನು ಕೂರಿಸಿಕೊಂಡು ಅದೇ ಕಾರಿನಲ್ಲಿ ಆರು ಗಂಟೆ ದಾರಿ ಹೋಗುವವಳಿದ್ದಳು.

ಟೈರಕ್ಕ ಸ್ಟೆಪ್ನಿಯನ್ನು ಮಗುಚಿ, ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿ ಹುಡುಕಿದರು. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಹನ್ನೊಂದು ವರ್ಷ ತುಂಬಿತ್ತು. ಉಗುರು ಒತ್ತಿ ಬಾಗಿಸಿದರೆ ಕೂದಲೆಳೆಯ ಬಿರುಕುಗಳು ಬಾಯಿ ಬಿಟ್ಟವು. ಇದನ್ನು ಹಾಕುವುದಿಲ್ಲ ಎಂದರು. ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. ಮಾರಾಟದ ಆಸೆ ಎಂದರು, ಬೇರೆ ಅಂಗಡಿ ಇಲ್ಲವೇ ಎಂದರು.

“ಹೋಗಿ ಅನ್ನೋಕೂ ಭಯ,” ಎಂದು ಆ ಗಳಿಗೆಯನ್ನು ಟೈರಕ್ಕ ನೆನೆಯುತ್ತಾರೆ. “ಅವರು ಹಾಕಿ ಕಳಿಸಿಬಿಟ್ರೆ? ಕೂಸು ಇತ್ತಲ್ಲ.”

ಅದಕ್ಕೇ ಮೊಳೆಯಿಂದ ಆ ತುಂಡನ್ನು ತೆಗೆದು ಮೇಷ್ಟ್ರ ಕೈಗಿಟ್ಟರು. ಮಾತಾಡಿದ್ದು ಮಾತ್ರ ಕುರ್ಚಿಯಲ್ಲಿ ಕೂತಿದ್ದ ಗಂಡ. “ಅದೂ ಸ್ಟೆಪ್ನೀನೇ ಮೇಷ್ಟ್ರೇ. ನನ್ನ ವ್ಯಾನಿಗೆ ನಾನೇ ಹಾಕ್ಕೊಂಡಿದ್ದೆ. ಟೈರಿನ ಅಂಗಡಿ ಇಟ್ಟವನೇ ಮೋಸ ಹೋದೆ ನೋಡಿ,” ಎಂದು ನೆಟ್ಟಗೆ ಚಾಚಿದ್ದ ಎಡಗಾಲು ತೋರಿಸಿದರು.

ಹದಿನಾಲ್ಕು ವರ್ಷದ ಹಿಂದೆ ಹೆದ್ದಾರಿಯಲ್ಲಿ ಆ ಟೈರು ಒಡೆದು ವ್ಯಾನು ಮಗುಚಿತು. ಆ ಮೊಣಕಾಲು ಇಂದಿಗೂ ಮಡಚುವುದಿಲ್ಲ. ಅಲ್ಲಿಯವರೆಗೆ ಟೈರಕ್ಕ ಮನೆಯಲ್ಲಿ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದವರು. ಗಂಡ ಕೂತಲ್ಲಿಂದ ಹೇಳಿದರು, ಇವರು ಮಾಡಿದರು. ಬಟ್ಟೆಯ ನೂಲು ಸವರಿ ಪಳಗಿದ ಬೆರಳಿಗೆ ರಬ್ಬರು ಬೇಗ ಒಲಿಯಿತು, ಊರಿನ ಗಂಡಸರು ಒಲಿಯಲು ಎರಡು ವರ್ಷ ಹಿಡಿಯಿತು. ಅಂಗಡಿಯಲ್ಲಿ ಗಂಡಸರಿಲ್ವಾ ಎಂದು ಕೇಳಿದವರಿಗೆ, “ಇದ್ದಾರೆ, ಕುರ್ಚಿ ಮೇಲೆ. ಟೈರು ಹಾಕೋದು ನಾನು,” ಎನ್ನುತ್ತಿದ್ದರಂತೆ. ಇದನ್ನು ಹೇಳುವಾಗ ಗಂಡನಿಗೇ ಜೋರು ನಗು.

ಮೇಷ್ಟ್ರು ತುಂಡಿಗೆ ಉಗುರು ಒತ್ತಿ ಬಾಗಿಸಿದರು, ಹೊಸದರಂತಿದ್ದ ಗೆರೆಗಳ ನಡುವೆ ಅದೇ ಬಿರುಕುಗಳು. ತಮ್ಮ ಸ್ಟೆಪ್ನಿಗೂ ಉಗುರು ಒತ್ತಿ ನೋಡಿದರು. “ಓಡಿದ್ದನ್ನ ಮಾತ್ರ ಲೆಕ್ಕ ಹಾಕಿದೆ ಕಣಮ್ಮ, ಕೂತಿದ್ದನ್ನ ಹಾಕಲೇ ಇಲ್ಲ,” ಎಂದರು. ನಾಲ್ಕೂ ಹೊಸದಾದವು. ಬಿಚ್ಚಿದವುಗಳಲ್ಲಿ ಗಟ್ಟಿಯಾಗಿದ್ದ ಒಂದು ಸ್ಟೆಪ್ನಿಯಾಗಿ ಡಿಕ್ಕಿ ಸೇರಿತು. ಹೊರಡುವಾಗಲೂ ಅವರ ಮುಖದ ಗಂಟು ಪೂರ್ತಿ ಸಡಿಲವಾಗಿರಲಿಲ್ಲ. ಬೆಡ್‌ಶೀಟನ್ನು ಮಾತ್ರ ಮಡಚಿ ಒಯ್ದರು.

ಆಮೇಲಿನ ದಿನಗಳಲ್ಲಿ ಟೈರಕ್ಕನಿಗೆ ಆ ಕೂಸಿನದೇ ಯೋಚನೆ. ತಲುಪಿದರೋ ಇಲ್ಲವೋ ಎಂದು ಯಾರನ್ನು ಕೇಳುವುದು? ಈ ಕೆಲಸದಲ್ಲಿ ಅದೊಂದು ಸಂಕಟ. ಚೆನ್ನಾಗಿ ಮಾಡಿ ಕಳಿಸಿದ ಕಾರು ಏನಾಯಿತೆಂಬ ಸುದ್ದಿ ಬರುವುದೇ ಇಲ್ಲ.

ಇವತ್ತು ಬಿಳಿ ಕಾರು ಹೊರಟ ಬೆನ್ನಿಗೇ, ಬೆವರೊರೆಸಿಕೊಳ್ಳುತ್ತ ಮೇಷ್ಟ್ರು ಬರುತ್ತಾರೆ. ಕಾರು ಸೊಸೆಯ ಜೊತೆ ಹೋಗಿದೆ, ಇವರದು ಕಾಲ್ನಡಿಗೆ. ಬಂದವರೇ ದೂರು ಹೇಳುವ ದನಿಯಲ್ಲಿ ಶುರು ಮಾಡುತ್ತಾರೆ. “ಏನಮ್ಮಾ, ಅಷ್ಟೊಂದು ಹೆದರಿಸಿದ್ಯಲ್ಲ! ಆರು ಗಂಟೆ ದಾರಿ, ಏನೂ ಆಗಲಿಲ್ಲವಂತೆ. ಕೂಸು ನಿದ್ದೆಯಿಂದ ಎದ್ದೇ ಇಲ್ಲವಂತೆ!”

ಟೈರಕ್ಕ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡುತ್ತಾರೆ. ಸೆರಗಿಗೆ ಕೈ ಒರೆಸಿಕೊಂಡು, ಇದ್ದ ಒಂದೇ ಸ್ಟೂಲನ್ನು ಅವರ ಕಡೆಗೆ ಎಳೆಯುತ್ತಾರೆ.

“ಹದಿನಾಲ್ಕು ವರ್ಷದಲ್ಲಿ ಏನೂ ಆಗಲಿಲ್ಲ ಅಂತ ಹೇಳೋಕೆ ಬಂದವರು ನೀವೊಬ್ಬರೇ ಮೇಷ್ಟ್ರೇ. ಕೂತ್ಕೊಳ್ಳಿ. ಇನ್ನೊಂದ್ಸಲ ಹೇಳಿ.”