ಕೊನೆಯ ದೋಣಿ ಕಟ್ಟುವ ತನಕ

ಕಿಲ್‌ವೋರನ್ನಿನಲ್ಲಿ ಇಷ್ಬೆಲ್ ಮೆಕೆಲರಳನ್ನು ಹುಡುಕಿಕೊಂಡು ಬಂದವರು ಅವಳ ಮನೆಯ ಬಾಗಿಲು ತಟ್ಟುತ್ತಿರಲಿಲ್ಲ. ನೇರವಾಗಿ ಕಡಲಿಗೆ ಸೇರುವ ಕಾಲುವೆಯ ಎರಡನೆಯ ಗೇಟಿನ ಪಕ್ಕದ ಬಚ್ಚಲುಮನೆಗೆ ಹೋಗುತ್ತಿದ್ದರು. ಸುಣ್ಣ ಬಳಿದ ಉದ್ದನೆಯ ಕಟ್ಟಡ ಅದು. ಒಳಗೆ ಸಾಲಾಗಿ ಸ್ನಾನದ ಕೋಣೆಗಳು, ಬಟ್ಟೆ ಒಗೆಯುವ ಎರಡು ಯಂತ್ರ, ಒಣಗಿಸುವ ಒಂದು ಯಂತ್ರ, ಅದರ ಬಿಸಿ ತಾಗುವ ಹಾಗೆ ಗೋಡೆಗೆ ಆನಿಸಿದ ಒಂದು ಬೆಂಚು. ಹೊರಗೆ ಕುಡಿಯುವ ನೀರಿನ ನಲ್ಲಿ, ದೋಣಿಯವರ ಶೌಚದ ತೊಟ್ಟಿ ಖಾಲಿ ಮಾಡುವ ಪಂಪು. ಸಮುದ್ರದಿಂದ ಬಂದವರಿಗೆ ಅದೇ ಅರಮನೆ. ದಿನಗಟ್ಟಲೆ ಉಪ್ಪುಗಾಳಿ ತಿಂದ ಮೈಮೇಲೆ ಬಿಸಿನೀರು ಬಿದ್ದಾಗ ಬಾಗಿಲ ಹಿಂದಿನಿಂದ ಬರುವ ಉಸಿರನ್ನು ಇಷ್ಬೆಲ್ ನೆಲ ಒರೆಸುತ್ತ ಕೇಳುತ್ತಿದ್ದಳು. ಕೆಲವರು ಹಾಡುತ್ತಿದ್ದರು. ಒಬ್ಬ ನಾರ್ವೆಯವನು ಬಿಕ್ಕಿಬಿಕ್ಕಿ ಅತ್ತದ್ದೂ ಉಂಟು. ಯಾಕೆಂದು ಅವಳು ಕೇಳಲಿಲ್ಲ. ಹೊರಗೆ ಬಂದಾಗ ಒಂದು ಬಟ್ಟಲು ಸೂಪು ಕೊಟ್ಟಳು.

ಅವಳಿಗಿಂತ ಮೊದಲು ಅಲ್ಲಿ ಅವಳ ತಾಯಿ ಕೆಲಸಕ್ಕಿದ್ದಳು. ಹೆರಿಂಗ್ ಮೀನಿನ ದೋಣಿಗಳು ಕಾಲುವೆ ಹಾದುಹೋಗುತ್ತಿದ್ದ ಕಾಲ. ತಾಮ್ರದ ಹಂಡೆಯಲ್ಲಿ ನೀರು ಕಾಯುತ್ತಿತ್ತು, ಕಲ್ಲಿದ್ದಲಿನ ಒಲೆ ಆರುತ್ತಿರಲಿಲ್ಲ. ತಾಯಿ ಬಿಟ್ಟುಹೋದ ಆಸ್ತಿಯೆಂದರೆ ಎದುರಿನ ಪುಟ್ಟ ಬಿಳಿ ಮನೆ, ಸೂಪು ಮಾಡುವ ದೊಡ್ಡ ಪಾತ್ರೆ, ಮತ್ತೆ ಒಂದು ಮಾತು. "ಗಡಿಯಾರ ನೋಡ್ಕೊಂಡು ಬಾಗ್ಲು ಹಾಕ್ಬೇಡ ಕಣೇ. ಕೊನೇ ದೋಣಿ ಕಟ್ಟಿದ್ಮೇಲೆ ಹಾಕು."

ಹಂಡೆ ಹೋಗಿ ಬಾಯ್ಲರ್ ಬಂತು. ಮೀನಿನ ದೋಣಿಗಳು ಹೋಗಿ ರಜೆಯವರ ಹಾಯಿದೋಣಿಗಳು ಬಂದವು. ಬಾಗಿಲ ಮೇಲೆ ಸಂಜೆ ಐದಕ್ಕೆ ಮುಚ್ಚುತ್ತದೆ ಎಂಬ ಫಲಕವೂ ಬಂತು. ಆದರೆ ಸಮುದ್ರದ ಗೇಟು ತೆರೆಯುವುದು ಉಬ್ಬರ ಬಂದಾಗ. ಅಲ್ಲಿಂದ ಒಳಗೆ ಬಿಟ್ಟ ದೋಣಿ ಎರಡು ಗೇಟುಗಳ ನಡುವೆ ನೀರು ತುಂಬುವ ತನಕ ಕಾದು, ಮೇಲೇರಿ, ದಡಕ್ಕೆ ಹಗ್ಗ ಎಸೆಯುವಷ್ಟರಲ್ಲಿ ಐದು ಎಂದೋ ಕಳೆದಿರುತ್ತಿತ್ತು. ಇಷ್ಬೆಲ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಗೇಟಿನ ಆಚೆ ಒಂದು ಹಾಯಿಕಂಬದ ತುದಿ ಕಂಡರೂ ಸಾಕು, ಬೀಗದಕೈ ಗೋಡೆಯ ಮೊಳೆಯಲ್ಲೇ ಉಳಿಯುತ್ತಿತ್ತು.

ಇದು ಊರಿಗೆಲ್ಲ ಗೊತ್ತಿತ್ತು. ಗೇಟಿನವರಿಗೆ ಗೊತ್ತಿತ್ತು. ಕಾಲುವೆಯ ಕಚೇರಿಯಲ್ಲಿ ಒಬ್ಬರಾದ ಮೇಲೊಬ್ಬರಂತೆ ಬಂದುಹೋದ ಅಧಿಕಾರಿಗಳಿಗೂ ಗೊತ್ತಿತ್ತು. ಯಾರೂ ಆಡಿ ತೋರಿಸಲಿಲ್ಲ. ಆಡಿದರೆ ಒಂದೋ ಹೌದೆನ್ನಬೇಕು, ಇಲ್ಲ ಕೂಡದೆನ್ನಬೇಕು. ಆಡದೆ ಬಿಟ್ಟದ್ದರಿಂದಲೇ ಅದು ನಡೆದುಕೊಂಡು ಬಂದಿತ್ತು, ದೋಣಿಯಿಂದ ಎಸೆದ ಹಗ್ಗವನ್ನು ದಡದಲ್ಲಿ ನಿಂತವರು ಹಿಡಿಯುವ ಹಾಗೆ. ಕಿಲ್‌ವೋರನ್ನಿನಲ್ಲಿ ಯಾರ ದೋಣಿ, ಯಾವ ದೇಶ ಎಂದು ಕೇಳಿ ಯಾರೂ ಹಗ್ಗ ಹಿಡಿಯುವುದಿಲ್ಲ. ಕೈ ಖಾಲಿ ಇದ್ದವರು ಹಿಡಿಯುತ್ತಾರೆ, ಕಟ್ಟುತ್ತಾರೆ, ಹೋಗುತ್ತಾರೆ.

ಮೇ ತಿಂಗಳ ಒಂದು ಸಂಜೆ ಹಿಲರಿ ಮತ್ತು ನೈಜೆಲ್ ಬಂದರು. ಇಂಗ್ಲೆಂಡಿನ ದಕ್ಷಿಣದ ಕಡೆಯ ಗಂಡಹೆಂಡಿರು. ಹೊರಗೆ ಕಡಲಲ್ಲಿ ಗಾಳಿ ಜೋರಿತ್ತು. ಹಿಲರಿಯ ತುಟಿ ನೀಲಿಯಾಗಿತ್ತು, ನೈಜೆಲ್ಲನ ಕೈಗೆ ಗಂಟು ಹಾಕುವ ಶಕ್ತಿ ಇರಲಿಲ್ಲ. ಹಗ್ಗ ಹಿಡಿದದ್ದು ಇಷ್ಬೆಲ್.

"ಐದಾಯ್ತಲ್ಲ, ಮುಚ್ಚಿರುತ್ತೇನೋ," ಎಂದ ನೈಜೆಲ್.

"ನೀವಿನ್ನೂ ಸ್ನಾನ ಮಾಡಿಲ್ವಲ್ಲ, ಹೆಂಗೆ ಮುಚ್ಚಿರುತ್ತೆ? ನಡೀರಿ," ಎಂದಳು ಇಷ್ಬೆಲ್.

ಸ್ನಾನವಾಯಿತು. ಒದ್ದೆಬಟ್ಟೆ ಯಂತ್ರದೊಳಗೆ ತಿರುಗತೊಡಗಿತು. ಇಬ್ಬರೂ ಬೆಂಚಿನ ಮೇಲೆ ಕೂತು ಬಾರ್ಲಿ, ಟರ್ನಿಪ್, ಕುರಿಮಾಂಸದ ಸೂಪನ್ನು ಎರಡೆರಡು ಸಲ ಹಾಕಿಸಿಕೊಂಡು ಕುಡಿದರು. ಹಿಲರಿಯ ಕೆನ್ನೆಗೆ ಬಣ್ಣ ಬಂತು, ಬಣ್ಣದ ಜೊತೆ ಮಾತೂ ಬಂತು. "ನಿಮ್ಮ ಬಗ್ಗೆ ನಾನು ಬರೀಲೇಬೇಕು. ದೋಣಿಯವರೆಲ್ಲ ಓದೋ ಜಾಲತಾಣ ಒಂದಿದೆ. ಬರೀಲಾ? ಒಂದು ಫೋಟೋ ತೆಗೀಲಾ?"

ಬೇಡ ಎನ್ನಬಹುದಿತ್ತು. ತಾಯಿಯಾಗಿದ್ದರೆ ಸೌಟು ತೋರಿಸಿ ಗದರುತ್ತಿದ್ದಳು. ಆದರೆ ಇಷ್ಟು ವರ್ಷದಲ್ಲಿ ಬಂದುಹೋದವರೆಲ್ಲ ಥ್ಯಾಂಕ್ಸ್ ಹೇಳಿದ್ದರು, ಹೆಸರು ಕೇಳಿದವರು ಕಡಿಮೆ. ಇಷ್ಬೆಲ್ ಏಪ್ರನ್ನಿನಲ್ಲಿ ಕೈ ಒರೆಸಿಕೊಂಡಳು. ಕೂದಲು ಸರಿಮಾಡಿಕೊಂಡಳು. ದೊಡ್ಡ ಪಾತ್ರೆಯನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತು ನಕ್ಕಳು. ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿ ಬರೆಸಿದಳು ಕೂಡ.

ಸೇತುವೆಯ ಬಳಿ ಅಂಗಡಿ ಇಟ್ಟುಕೊಂಡಿದ್ದ ನೆಟ್ಟಾ, ಇಷ್ಬೆಲ್ಲಳ ಶಾಲೆಯ ಕಾಲದ ಗೆಳತಿ, ವಾರದೊಳಗೆ ಫೋನು ಹಿಡಿದುಕೊಂಡು ಬಂದಳು. "ನೋಡಮ್ಮ ತಾಯಿ, ಲೋಕಮಾತೆ ಆಗ್ಬಿಟ್ಟಿದ್ದೀಯ! 'ಕಿಲ್‌ವೋರನ್ನಿಗೆ ಯಾವ ಹೊತ್ತಿಗೆ ಬಂದರೂ ಬಿಳಿ ಮನೆಯ ಇಷ್ಬೆಲ್‌ಳನ್ನು ಕೇಳಿ. ಬಚ್ಚಲುಮನೆ ತೆಗೆದುಕೊಡುತ್ತಾಳೆ, ಸೂಪು ಹಾಕುತ್ತಾಳೆ.' ಯಾವ ಹೊತ್ತಿಗೆ ಬಂದ್ರೂ ಅಂತೆ! ನೀನೇನು ಆಸ್ಪತ್ರೇನಾ?"

"ಹೊಟ್ಟೆಕಿಚ್ಚು ನಿಂಗೆ."

"ಹೊಟ್ಟೆಕಿಚ್ಚೇ. ನನ್ನ ಅಂಗಡೀಲಿ ಬರೋರೆಲ್ಲ ಹಾಲಿಗೆ ಯಾಕೆ ಇಷ್ಟು ಬೆಲೆ ಅಂತ ಕೇಳ್ತಾರೆ, ಫೋಟೋ ತೆಗೆಯಲ್ಲ." ನೆಟ್ಟಾ ಫೋನು ಕೆಳಗಿಟ್ಟಳು. ಅವಳ ದನಿ ಬದಲಾಗಿತ್ತು. "ಆದ್ರೆ ಬರ್ಸಬಾರ್ದಿತ್ತು ಕಣೇ. ಗೊತ್ತಿರೋದು ಬೇರೆ, ಬರೆದಿರೋದು ಬೇರೆ."

ಇಷ್ಬೆಲ್ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ರಾತ್ರಿ ಮಲಗುವ ಮುಂಚೆ ಫೋಟೋವನ್ನು ಇನ್ನೊಂದು ಸಲ ನೋಡಿದಳು. ಪಾತ್ರೆ ಹಿಡಿದ ತನ್ನ ಕೈಗಳು ತಾಯಿಯ ಕೈಗಳ ಹಾಗೇ ಇವೆ ಅನ್ನಿಸಿತು.

ಜೂನಿನಿಂದ ದೋಣಿಗಳು ಬಂದವು. ಮುಂಚೆ ಬರುತ್ತಿದ್ದವರು ತಡವಾಗಿ ಬಂದದ್ದಕ್ಕೆ ನಾಚಿಕೊಂಡು ನಿಲ್ಲುತ್ತಿದ್ದರು. ಈಗಿನವರು ಫೋನು ತೋರಿಸುತ್ತ ಬರುತ್ತಿದ್ದರು. ಮೊದಲೇ ಬಂದು ಕಟ್ಟಿದವರೂ ಹೋಟೆಲಿನಲ್ಲಿ ಕುಡಿದು, ಊಟ ಮುಗಿಸಿ, ಮಲಗುವ ಮುಂಚೆ ಒಂದು ಸ್ನಾನ ಎಂದು ಬಿಳಿ ಮನೆಯ ಬಾಗಿಲು ಬಡಿದರು. ಒಬ್ಬಳು ಸೂಪಿನಲ್ಲಿ ಮಾಂಸವಿದೆ ಎಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದಳು. ಇನ್ನೊಬ್ಬ ಹಾಗೆಲ್ಲ ರೇಗದೆ, ಅದೇ ಜಾಲತಾಣದಲ್ಲಿ ಬರೆದ. ಹೇಳುವಷ್ಟೇನೂ ಇಲ್ಲ, ಟವೆಲ್ಲನ್ನೂ ಕೊಡುವುದಿಲ್ಲ ಎಂದು.

ಜುಲೈನಲ್ಲಿ ಸ್ಟ್ರೂವನ್ ಬಂದ. ಕಾಲುವೆಯ ಈ ಭಾಗಕ್ಕೆ ಅವನೇ ಈಗ ಅಧಿಕಾರಿ. ಅವನಪ್ಪ ಆರ್ಚಿ ಇದೇ ಎರಡನೆಯ ಗೇಟಿನಲ್ಲಿ ಕೆಲಸ ಮಾಡಿ ಸತ್ತವನು. ಸ್ಟ್ರೂವನ್ ಅಂಗಡಿಯಿಂದ ಒಂದು ಕೇಕು ತಂದಿದ್ದ.

"ಇಷ್ಬೆಲ್ ಆಂಟಿ, ದೊಡ್ಡ ಕಚೇರಿಯೋರಿಗೆ ನಿಮ್ಮ ಫೋಟೋ ತುಂಬಾ ಹಿಡಿಸಿದೆ. ಫಲಕದ ಮೇಲೆ ಹಾಕ್ಬೇಕಂತೆ. ಆಗ್ಬಹುದಾ?"

"ನನ್ನ ಮುಖಾನಾ? ದೋಣಿಯೋರು ಹೆದ್ರಿ ವಾಪಸ್ ಹೋಗ್ತಾರೆ," ಎಂದು ನಕ್ಕಳು. ನಗುತ್ತಲೇ ಒಪ್ಪಿದಳು. ಎರಡನೆಯ ಸಲ.

ಆಗಸ್ಟಿನ ಕೊನೆಗೆ ಒಂದು ಬೆಳಗಿನ ಜಾವ ಒಬ್ಬ ಬಂದು ಮನೆಯ ಗಂಟೆ ಬಿಡದೆ ಒತ್ತಿದ. ಬೇಗ ಹೊರಡಬೇಕಂತೆ, ಈಗಲೇ ಸ್ನಾನ ಬೇಕಂತೆ. ಇಷ್ಬೆಲ್ ನಿಲುವಂಗಿಯ ಮೇಲೆ ಕೋಟು ಹಾಕಿಕೊಂಡು ಬೀಗದಕೈ ತಂದಳು. ಅವಳು ದೀಪ ಹಾಕುವಷ್ಟು ವ್ಯವಧಾನ ಅವನಿಗಿರಲಿಲ್ಲ. ಬಚ್ಚಲುಮನೆಯ ಇಬ್ಬನಿ ಬಿದ್ದ ಮೆಟ್ಟಿಲ ಮೇಲೆ ಜಾರಿ ಬಿದ್ದ. ಮಣಿಕಟ್ಟು ಮುರಿಯಿತು. ಅವನ ಕೈಯನ್ನು ತನ್ನ ಸ್ಕಾರ್ಫಿನಲ್ಲಿ ಕಟ್ಟಿ, ನೆಟ್ಟಾಳನ್ನು ಎಬ್ಬಿಸಿ ಕಾರಿನಲ್ಲಿ ಆಸ್ಪತ್ರೆಗೆ ಕಳಿಸಿದಳು. ಹೋಗುವಾಗ ಅವನು ಅವಳ ಭುಜ ತಟ್ಟಿ, ನಿಮ್ಮ ತಪ್ಪೇನಿಲ್ಲ ಎಂದಿದ್ದ. ಮೂರು ವಾರ ಕಳೆದ ಮೇಲೆ ಅವನ ವಕೀಲರು ಕಚೇರಿಗೆ ಬರೆದರು. ಯಾವ ಹೊತ್ತಿಗೂ ತೆರೆದಿರುವ ಜಾಗದಲ್ಲಿ ಯಾವ ಹೊತ್ತಿಗೂ ದೀಪವಿರಬೇಕಿತ್ತು ಎಂದು.

ಸ್ಟ್ರೂವನ್ ಈ ಸಲ ಕೇಕು ತರಲಿಲ್ಲ. ಒಣಗಿಸುವ ಯಂತ್ರದ ಪಕ್ಕದ ಬೆಂಚಿನ ಮೇಲೆ ಕೂತು ಟೋಪಿಯನ್ನು ಮಂಡಿಯ ಮೇಲೆ ತಿರುಗಿಸತೊಡಗಿದ.

"ಹೇಳು," ಎಂದಳು ಇಷ್ಬೆಲ್. "ನಿಮ್ಮಪ್ಪನೂ ಹಿಂಗೇ ಟೋಪಿ ತಿರುಗಿಸ್ತಿದ್ದ, ಕೆಟ್ಟ ಸುದ್ದಿ ಇದ್ರೆ."

"ಸೀಸನ್ ಮುಗಿದ ಮೇಲೆ ಬಾಗ್ಲಿಗೆ ನಂಬರಿನ ಬೀಗ ಹಾಕ್ತಾರೆ ಆಂಟಿ. ದೋಣಿಯೋರ ಫೋನಿಗೆ ನಂಬರ್ ಬರುತ್ತೆ. ಒಂಬತ್ತರಿಂದ ಐದು, ಆಮೇಲೆ ಬೀಗ ಆ ನಂಬರ್ ತಗೊಳ್ಳಲ್ಲ. ನೆಲ ಒರೆಸೋಕೆ ಪಟ್ಟಣದಿಂದ ವಾರಕ್ಕೆರಡು ಸಲ ವ್ಯಾನ್ ಬರುತ್ತೆ."

"ಇಲ್ಲಿ ಫೋನ್ ಎಲ್ಲಿ ಹಿಡಿಯುತ್ತೆ? ಗುಡ್ಡ ಹತ್ಬೇಕು."

"ಹೇಳಿದ್ದೀನಿ ಅವ್ರಿಗೆ."

"ಮತ್ತೆ ನಾನು?"

ಟೋಪಿ ನಿಂತಿತು. "ನಂಗೆ ಗೊತ್ತಿರ್ಲಿಲ್ಲ ಅಂತಲ್ಲ ಆಂಟಿ. ಗೊತ್ತಿದ್ದೂ ಗೊತ್ತಿಲ್ದೋನ ಥರ ಇದ್ದೆ. ನಮ್ಮಪ್ಪನೂ ಹಂಗೇ ಇದ್ದ. ಈಗ ನಿಮ್ಮ ಹೆಸ್ರು, ಫೋಟೋ, ಹೊತ್ತು ಎಲ್ಲಾ ಆ ಜಾಲತಾಣದಲ್ಲಿದೆ. ಅವ್ರು ನನ್ನ ಮುಂದೆ ಇಟ್ಟು ಇದೇನು ಅಂತ ಕೇಳಿದ್ರೆ ನಾನೇನನ್ಲಿ?"

ಇಷ್ಬೆಲ್ ಅವನನ್ನು ನೋಡಿದಳು. ಹದಿನಾರರ ವಯಸ್ಸಿನಲ್ಲಿ ದೋಣಿ ಮಗುಚಿ, ಹಲ್ಲು ಕಟಕಟಿಸುತ್ತ ಇದೇ ಬೆಂಚಿನ ಮೇಲೆ ಕೂತಿದ್ದ ಅವನು. ಆ ಹೊತ್ತೂ ಐದು ಕಳೆದಿತ್ತು. ನೆನಪಿಸಬಹುದಿತ್ತು. ಅವನಿಗೆ ಮರೆತಿಲ್ಲವೆಂದು ಅವನು ಬೆಂಚಿನ ತುದಿಯಲ್ಲಿ ಕೂತ ರೀತಿಯಲ್ಲೇ ಕಾಣುತ್ತಿತ್ತು.

"ಏನೂ ಅನ್ಬೇಡ," ಎಂದಳು. "ಏಳು. ಆ ಕಡೆ ನೆಲ ಒದ್ದೆ ಇದೆ. ನೀನೂ ಜಾರಿ ಬಿದ್ರೆ ಇನ್ನೊಬ್ಬ ವಕೀಲನ್ನ ಸಾಕ್ಬೇಕು ನಿಮ್ಮ ಕಚೇರಿ."

ಸೆಪ್ಟೆಂಬರ್ ಮುಗಿದ ದಿನ ಬೀಗದಕೈಯನ್ನು ಅವಳೇ ಹೋಗಿ ಕಚೇರಿಯ ಮೇಜಿನ ಮೇಲೆ ಇಟ್ಟು ಬಂದಳು. ತಾಯಿಯ ಕಾಲದಿಂದ ಅದು ನೇತಾಡಿದ ಮೊಳೆ ಅಡುಗೆಮನೆಯ ಗೋಡೆಯಲ್ಲಿ ಉಳಿಯಿತು. ಅದಕ್ಕೆ ಅವಳು ಏನನ್ನೂ ನೇತುಹಾಕಲಿಲ್ಲ. ದೊಡ್ಡ ಪಾತ್ರೆ ಹಿತ್ತಿಲ ಬಾಗಿಲ ಹೊರಗೆ ಹೋಯಿತು, ಕಲ್ಲಿದ್ದಲು ಇಡಲು.

ಅಕ್ಟೋಬರಿನಲ್ಲಿ ಫಲಕ ಬಂತು. ಸಮುದ್ರದ ಗೇಟಿನಲ್ಲಿ ಒಂದು, ಬಚ್ಚಲುಮನೆಯ ಬಾಗಿಲ ಮೇಲೆ ಇನ್ನೊಂದು. ಆಳೆತ್ತರದ ಇಷ್ಬೆಲ್, ಎದೆಗವುಚಿದ ಪಾತ್ರೆ, ಸರಿಮಾಡಿಕೊಂಡ ಕೂದಲು. 'ಕಿಲ್‌ವೋರನ್ನಿಗೆ ಸ್ವಾಗತ. ನಿಮಗಾಗಿ ಸದಾ ಬೆಚ್ಚಗೆ.' ಅವಳ ಸೊಂಟದ ಹತ್ತಿರ, ಪಾತ್ರೆಯ ಕೆಳಗೆ, ನಂಬರು ಒತ್ತುವ ಪುಟ್ಟ ಪೆಟ್ಟಿಗೆ. ಅದರೊಳಗೆ ಒಂದು ಕೆಂಪು ದೀಪ.

"ಕಿತ್ತು ಹಾಕ್ಲಾ?" ಎಂದು ಕೇಳಿದಳು ನೆಟ್ಟಾ. "ನನ್ನತ್ರ ಹಾರೆ ಇದೆ. ಯಾರು ಅಂತ ಗೊತ್ತಾಗಲ್ಲ."

"ಬೇಡ. ಒಪ್ಪಿದ್ದು ನಾನೇ."

"ನಾಯಿಗಳು ಬಂದು ಕಾಲೆತ್ತುತ್ವೆ ಕಣೇ ಅದ್ರ ಮೇಲೆ."

"ಅವಕ್ಕಾದ್ರೂ ಹೊತ್ತುಗೊತ್ತಿಲ್ಲ ಬಿಡು," ಎಂದಳು ಇಷ್ಬೆಲ್. ನೆಟ್ಟಾ ನಗಲು ಹೋದವಳು ಅವಳ ಮುಖ ನೋಡಿ ನಿಲ್ಲಿಸಿದಳು.

ಆ ವಾರವೇ ಒಂದು ಸಂಜೆ ಇಷ್ಬೆಲ್ ಅಂಗಡಿಯಿಂದ ಬ್ರೆಡ್ಡು ತೆಗೆದುಕೊಂಡು ದಡದ ಮೇಲೆ ಬರುತ್ತಿದ್ದಳು. ಐದು ಕಳೆದು ಬೆಳಕು ಇಳಿಯುತ್ತಿತ್ತು. ಪುಟ್ಟ ಹಾಯಿದೋಣಿಯೊಂದು ಎರಡನೆಯ ಗೇಟು ದಾಟಿ ದಡಕ್ಕೆ ತಿರುಗಿತು. ಒಬ್ಬಳೇ ಹುಡುಗಿ. ಟೋಪಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹಿಡೀರಿ!" ಎಂದು ಹಗ್ಗ ಎಸೆದಳು.

ಬ್ರೆಡ್ಡು ಹುಲ್ಲಿನ ಮೇಲೆ ಬಿತ್ತು. ಹಗ್ಗ ಇಷ್ಬೆಲ್ಲಳ ಕೈಯಲ್ಲಿತ್ತು. ಕಬ್ಬಿಣದ ಗೂಟಕ್ಕೆ ಸುತ್ತಿದಳು, ರಾತ್ರಿ ಗಾಳಿ ಏಳಬಹುದೆಂದು ಇನ್ನೊಂದು ಸುತ್ತು ಸುತ್ತಿದಳು. ಹುಡುಗಿ ದಡಕ್ಕೆ ಹಾರಿ ಹತ್ತಿರ ಬಂದಳು. ಅವಳ ತುಟಿಯೂ ನೀಲಿಯಾಗಿತ್ತು. ಇಷ್ಬೆಲ್ಲಳ ಮುಖ ನೋಡಿದ್ದೇ ಅವಳ ಕಣ್ಣು ಅರಳಿತು.

"ಅಯ್ಯೋ, ನೀವೇ ಅಲ್ವಾ! ಗೇಟಲ್ಲಿ ಫಲಕ ನೋಡ್ದೆ. ಬೆಳಿಗ್ಗೆಯಿಂದ ಬಿಸಿನೀರು ಬಿಸಿನೀರು ಅಂತ ಜಪ ಮಾಡ್ಕೊಂಡು ಬಂದಿದ್ದೀನಿ."

ಎದುರಿನ ಮನೆಯಲ್ಲಿ ಇಷ್ಬೆಲ್ಲಳದೇ ಬಚ್ಚಲು ಇತ್ತು, ಅದರಲ್ಲಿ ನೀರು ಕಾದಿತ್ತು. ಬಾ ಎನ್ನಲು ಒಂದು ಮಾತು ಸಾಕು. ಆ ಮಾತು ನಾಳೆ ಎಲ್ಲಿ ಬರೆಯಲ್ಪಡುತ್ತದೆ ಎಂದು ಅವಳಿಗೆ ಈಗ ಗೊತ್ತಿತ್ತು. ನಾಡಿದ್ದು ಯಾರು ಬಂದು ಗಂಟೆ ಒತ್ತುತ್ತಾರೆ ಎಂದೂ ಗೊತ್ತಿತ್ತು.

"ಅದು ನಾನಲ್ಲ," ಎಂದಳು.

"ಥೇಟ್ ನಿಮ್ಮ ಹಾಗೇ ಇದ್ದಾರೆ!"

"ಈ ಊರಲ್ಲಿ ನಾವೆಲ್ಲ ಒಂದೇ ಥರ."

"ಮತ್ತೆ ಅವರು ಎಲ್ಲಿ ಸಿಗ್ತಾರೆ?"

ಇಷ್ಬೆಲ್ ಬಗ್ಗಿ ಬ್ರೆಡ್ಡು ಎತ್ತಿಕೊಂಡಳು. ಅಂಟಿದ ಹುಲ್ಲನ್ನು ಒರೆಸಿದಳು. "ಬಾಗ್ಲ ಮೇಲೆ," ಎಂದು ಹೇಳಿ ರಸ್ತೆ ದಾಟಿದಳು.

ಅಡುಗೆಮನೆಯಲ್ಲಿ ದೀಪ ಹಾಕಲಿಲ್ಲ. ಕಿಟಕಿಯಾಚೆ ಹುಡುಗಿ ಹಿಡಿಕೆಯನ್ನು ಜಗ್ಗುವುದು ಕಾಣುತ್ತಿತ್ತು. ಜಗ್ಗಿದಳು, ಯಾವುದೋ ನಂಬರು ಒತ್ತಿದಳು, ಫೋನನ್ನು ತಲೆಯ ಮೇಲೆತ್ತಿ ಆ ಕಡೆ ಈ ಕಡೆ ಓಡಾಡಿದಳು. ಕೊನೆಗೆ ಬಾಗಿಲಿಗೆ ಬೆನ್ನು ಕೊಟ್ಟು, ನಗುತ್ತಿರುವ ಇಷ್ಬೆಲ್ಲಳ ಕಾಲ ಬಳಿ, ಮೆಟ್ಟಿಲ ಮೇಲೆ ಕೂತಳು. ಇಷ್ಬೆಲ್ ಒಮ್ಮೆ ಎದ್ದಳು. ಅವಳ ಕೈ ಗೋಡೆಯ ಮೊಳೆಯ ತನಕ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಮೊಳೆಯನ್ನೇ ಸ್ವಲ್ಪ ಹೊತ್ತು ಹಿಡಿದು ನಿಂತಿದ್ದು, ಆಮೇಲೆ ಪರದೆ ಎಳೆದಳು.

ರೇಡಿಯೊದಲ್ಲಿ ಕಡಲಿನ ಹವಾಮಾನ ಬರುತ್ತಿತ್ತು. ಮಾಲಿನ್, ಹೆಬ್ರಿಡೀಸ್ ಕಡಲು. ಗಾಳಿ ಜೋರಾಗಲಿದೆ, ಮಳೆಯಿದೆ. ಅವಳು ದನಿಯನ್ನು ಸ್ವಲ್ಪ ದೊಡ್ಡದು ಮಾಡಿದಳು. ಚಿಕ್ಕ ಪಾತ್ರೆಯಲ್ಲಿ ಒಬ್ಬಳಿಗಾಗುವಷ್ಟು ಸೂಪು ಕುದಿಯುತ್ತಿತ್ತು. ಒಲೆ ಆರಿಸಿ, ಬಟ್ಟಲಿಗೆ ಹಾಕಿಕೊಂಡು, ಕಿಟಕಿಗೆ ಬೆನ್ನು ಮಾಡಿ ಕೂತಳು.